ದೆವ್ವ ಬಿಡಿಸಿದ ಬಾಟನಿ ಮೇಷ್ಟ್ರು

ಕಲ್ಕತ್ತಾದಲ್ಲಿ ಓದುತ್ತಿದ್ದ ಅಣ್ಣತಮ್ಮ ಇಬ್ಬರು ರಜೆಗೆ ಕೇರಳದ ತಮ್ಮೂರಿಗೆ ಹೊರಟಿದ್ದರು. ಬರುವಾಗ ಒಂದಿಷ್ಟು ಗಂಗಾಜಲ ತನ್ನಿ ಅಂತ ಊರವರು ಮೊದಲೇ ಹೇಳಿ ಕಳಿಸಿದ್ದರು. ಆದರೆ ಗಂಗೆಯಲ್ಲಿ ಏನೇನು ತೇಲುತ್ತೆ ಅಂತ ಕಣ್ಣಾರೆ ಕಂಡಿದ್ದ ಹುಡುಗರಿಗೆ ಆ ನೀರು ಹೊತ್ತು ತರೋ ಮನಸ್ಸಾಗಲಿಲ್ಲ. ಊರು ಹತ್ತಿರವಾದಾಗ ಕೊಟ್ಟಾರಕ್ಕರ ರೈಲು ನಿಲ್ದಾಣದ ನಲ್ಲಿ ತಿರುಗಿಸಿ ಬಾಟಲಿ ತುಂಬಿಸಿಕೊಂಡರು. ಮನೆಗೆ ಬಂದು ಕೇಳಿದವರಿಗೆಲ್ಲ ಹಂಚಿದರು. ಕೆಲವು ದಿನ ಕಳೆದ ಮೇಲೆ ಜನ ಬಂದು, ನೀವು ಕೊಟ್ಟ ಗಂಗೆಯಿಂದ ಕಾಯಿಲೆ ವಾಸಿಯಾಯ್ತು ಅಂತ ಕೈಮುಗಿದರು.

ಅಣ್ಣನ ಹೆಸರು ಅಬ್ರಹಾಂ ಕೋವೂರ್. ಬೇರೆ ಯಾರಾದರೂ ಆಗಿದ್ದರೆ ಈ ಕತೆ ಹೇಳಿಕೊಂಡು ನಕ್ಕು ಬಿಡುತ್ತಿದ್ದರು. ಕೋವೂರ್ ಕೂಡ ನಕ್ಕರು, ಅದನ್ನು ಜೀವನಪೂರ್ತಿ ಹೇಳಿಕೊಂಡು ತಿರುಗಿದರು. ಆದರೆ ಆ ಬಾಟಲಿಯಲ್ಲಿ ನಗುವಿಗಿಂತ ದೊಡ್ಡ ಪ್ರಶ್ನೆಯೊಂದಿತ್ತು. ನೀರು ಸುಳ್ಳು, ಸರಿ. ಜನಕ್ಕೆ ಹಾಯೆನಿಸಿದ್ದು ಸುಳ್ಳಲ್ಲವಲ್ಲ? ನಂಬಿಕೆ ಮೈಮೇಲೆ ಕೆಲಸ ಮಾಡುತ್ತೆ ಅನ್ನೋದಾದರೆ, ಅದೇ ದಾರಿಯಲ್ಲಿ ಕಾಯಿಲೆ ಬರಲೂಬಹುದು, ಅದೇ ದಾರಿಯಲ್ಲಿ ಕಳಿಸಲೂಬಹುದು. ಮುಂದೆ ಕೋವೂರ್ ಕೈಗೆತ್ತಿಕೊಂಡ ಸಂಮೋಹನ ಚಿಕಿತ್ಸೆಯ ತಿರುಳು ಇಷ್ಟೇ.

ಸಂಮೋಹನ ಅಂದ ತಕ್ಷಣ ನಮ್ಮ ಕಡೆ ಜನಕ್ಕೆ ನೆನಪಾಗೋದು ಬೇರೆ. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಚೀಟಿ: ಸ್ತ್ರೀ-ಪುರುಷ ವಶೀಕರಣ, ಕೋರ್ಟು ಕಚೇರಿ, ಸಾಲಬಾಧೆ, ಕೆಳಗೆ ಒಂದು ಮೊಬೈಲ್ ನಂಬರು. ಇಲ್ಲವೇ ಹಳೇ ಸಿನಿಮಾದಲ್ಲಿ ಕಣ್ಣು ಕಣ್ಣು ಬಿಡೋ ಖಳನಾಯಕ. ಇಲ್ಲವೇ ಕಾಲೇಜು ವಾರ್ಷಿಕೋತ್ಸವದಲ್ಲಿ ಹುಡುಗನ ಕೈಗೆ ಈರುಳ್ಳಿ ಕೊಟ್ಟು ಸೇಬು ಅಂತ ತಿನ್ನಿಸೋ ಜಾದೂಗಾರ. ಮೂರರಲ್ಲೂ ಇರೋದು ಒಂದೇ ಕಲ್ಪನೆ: ಒಬ್ಬನ ಬುದ್ಧಿಯನ್ನು ಇನ್ನೊಬ್ಬ ಕಿತ್ತುಕೊಳ್ಳೋದು. ಆಸ್ಪತ್ರೆಯಲ್ಲಿ ನಡೆಯೋದು ಹಾಗಲ್ಲ. ರೋಗಿ ನಿದ್ದೆ ಹೋಗಲ್ಲ, ಸ್ವಾಧೀನ ಕಳಕೊಳ್ಳಲ್ಲ. ಗಮನವನ್ನೆಲ್ಲ ಒಂದೇ ಕಡೆ ಕಟ್ಟಿಕೊಂಡು, ಮೈ ಸಡಿಲ ಬಿಟ್ಟು, ಚಿಕಿತ್ಸಕರು ಕೊಡುವ ಸೂಚನೆಗೆ ಸಾಮಾನ್ಯಕ್ಕಿಂತ ಹೆಚ್ಚು ತೆರೆದುಕೊಂಡಿರ್ತಾನೆ, ಅಷ್ಟೇ. ಬೇಡ ಅನಿಸಿದರೆ ಎದ್ದು ಬರಬಹುದು. ಎಲ್ಲರಿಗೂ ಇದು ಒಂದೇ ಥರ ಹಿಡಿಯೋದೂ ಇಲ್ಲ.

ಇದಕ್ಕೆ ಹಳೇ ಚರಿತ್ರೆಯಿದೆ. 1784ರಲ್ಲಿ ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯ ತನ್ನೊಳಗಿನ ಅಯಸ್ಕಾಂತ ಶಕ್ತಿಯಿಂದ ರೋಗ ಗುಣಪಡಿಸ್ತೀನಿ ಅಂತ ಊರನ್ನೇ ಮರುಳು ಮಾಡಿದ್ದಾಗ, ಫ್ರಾನ್ಸಿನ ದೊರೆ ಬೆಂಜಮಿನ್ ಫ್ರಾಂಕ್ಲಿನ್, ಲಾವೋಸಿಯೆ ಇದ್ದ ಒಂದು ಸಮಿತಿ ಮಾಡಿದ. ಶಕ್ತಿ ತುಂಬಿದ ಮರ ಯಾವುದು ಅಂತ ಗೊತ್ತಿಲ್ಲದ ರೋಗಿ ಬೇರೆ ಮರದ ಕೆಳಗೇ ಎಚ್ಚರ ತಪ್ಪಿದ. ಕೆಲಸ ಮಾಡಿದ್ದು ಕಲ್ಪನೆ, ಅಯಸ್ಕಾಂತ ಅಲ್ಲ ಅಂತ ಸಮಿತಿ ಬರೆಯಿತು. ಕೊಟ್ಟಾರಕ್ಕರದ ನಲ್ಲಿ ನೀರಿನದೇ ಕತೆ ಅದು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಕಂಪನಿ ಸರ್ಕಾರದ ಡಾಕ್ಟರು ಇದೇ ವಿಧಾನದಲ್ಲಿ ಮಂಪರು ಬರಿಸಿ ಶಸ್ತ್ರಚಿಕಿತ್ಸೆ ಶುರು ಮಾಡಿದ. ಅವನ ಮೊದಲ ರೋಗಿ ಒಬ್ಬ ಕೈದಿ ಅನ್ನೋದನ್ನು ಮರೀಬಾರದು. ಆಮೇಲೆ ಈಥರ್, ಕ್ಲೋರೋಫಾರ್ಮ್ ಬಂದವು, ಸಂಮೋಹನ ಮೂಲೆಗೆ ಸರಿಯಿತು. ಮತ್ತೆ ಅದಕ್ಕೆ ವೈದ್ಯಲೋಕದಲ್ಲಿ ಕುರ್ಚಿ ಸಿಕ್ಕಿದ್ದು 1955ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ, 1958ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಒಪ್ಪಿಗೆ ಕೊಟ್ಟಾಗ.

ಅದರ ಮರುವರ್ಷ, 1959ರಲ್ಲಿ, ಕೊಲಂಬೊದ ಥರ್ಸ್ಟನ್ ಕಾಲೇಜಿನಿಂದ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರು ನಿವೃತ್ತರಾದರು.

ಕೋವೂರ್ ಹುಟ್ಟಿದ್ದು 1898ರ ಏಪ್ರಿಲ್ 10ರಂದು, ತಿರುವಲ್ಲಾದಲ್ಲಿ. ಅಪ್ಪ ಮಾರ್ತೋಮಾ ಸಿರಿಯನ್ ಚರ್ಚಿನ ದೊಡ್ಡ ಪಾದ್ರಿ. ಮನೆಯಲ್ಲಿ ಬೆಳಿಗ್ಗೆ ಸಂಜೆ ಪ್ರಾರ್ಥನೆ. ಕಲ್ಕತ್ತಾದ ಬಂಗಬಾಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದರು. ಕೆಲಕಾಲ ಕೊಟ್ಟಾಯಂನ ಸಿಎಂಎಸ್ ಕಾಲೇಜಿನಲ್ಲಿ ಪಾಠ ಮಾಡಿ, 1920ರ ದಶಕದ ಕೊನೆಗೆ ಸಿಲೋನಿನ ಜಾಫ್ನಾಕ್ಕೆ ಹೋದರು. ಆಮೇಲೆ ಗಾಲೆ, ಮೌಂಟ್ ಲವೀನಿಯಾ, ಕೊಲಂಬೊ. ಉಳಿದ ಬದುಕೆಲ್ಲ ಆ ದ್ವೀಪದಲ್ಲೇ.

ಜಾಫ್ನಾ ಸೆಂಟ್ರಲ್ ಕಾಲೇಜಿನ ಒಂದು ಪ್ರಸಂಗ ಹೇಳಲೇಬೇಕು. ಅದು ಮಿಷನರಿ ಶಾಲೆ. ಪಾದ್ರಿಯ ಮಗ ತಾನೇ ಅಂತ ಪ್ರಿನ್ಸಿಪಾಲರು ಇವರಿಗೆ ಬೈಬಲ್ ಪಾಠವನ್ನೂ ವಹಿಸಿದರು. ವರ್ಷದ ಕೊನೆಗೆ ಫಲಿತಾಂಶ ಚೆನ್ನಾಗಿಯೇ ಬಂತು. ಆದರೂ ಮುಂದಿನ ವರ್ಷ ಆ ಪಾಠ ಇವರ ಕೈತಪ್ಪಿತು. ಹುಡುಗರು ಪರೀಕ್ಷೆಯಲ್ಲಿ ಗೆದ್ದರು, ಧರ್ಮದಲ್ಲಿದ್ದ ವಿಶ್ವಾಸ ಕಳಕೊಂಡರು ಅನ್ನೋದು ಪ್ರಿನ್ಸಿಪಾಲರ ತಕರಾರು.

ಕೆಲಸದಲ್ಲಿದ್ದಷ್ಟು ದಿನ ಕೋವೂರ್ ಹೆಚ್ಚು ಸದ್ದು ಮಾಡಲಿಲ್ಲ. ಸಂಬಳದ ಜೀವ, ಅರ್ಥವಾಗುತ್ತೆ ಬಿಡಿ. ನಿವೃತ್ತಿ ಆದದ್ದೇ ತಡ, 1960ರಿಂದ ಸಿಲೋನ್ ವಿಚಾರವಾದಿ ಸಂಘದ ಅಧ್ಯಕ್ಷರು. ಸಾಯೋವರೆಗೂ ಆ ಕುರ್ಚಿ ಬಿಡಲಿಲ್ಲ. 1963ರಲ್ಲಿ ಮೋಸಕ್ಕೆ ಆಸ್ಪದವಿಲ್ಲದ ಪರಿಸ್ಥಿತಿಯಲ್ಲಿ ಯಾವುದಾದರೂ ಪವಾಡ ಮಾಡಿ ತೋರಿಸಿದವರಿಗೆ 1 ಲಕ್ಷ ರೂಪಾಯಿ ಕೊಡ್ತೀನಿ ಅಂತ ಸವಾಲು ಹಾಕಿದರು. ಪಟ್ಟಿಯಲ್ಲಿ ಬಾಬಾಗಳೂ ಇದ್ದರು, ಜ್ಯೋತಿಷಿಗಳೂ ಇದ್ದರು, ಕ್ರೈಸ್ತ ರೋಗಶಮನದವರೂ ಇದ್ದರು. ಆ ಹಣ ಯಾರೂ ಗೆಲ್ಲಲಿಲ್ಲ. ಇವತ್ತು ಕೋವೂರ್ ಹೆಸರು ಗೊತ್ತಿರೋ ಬಹಳಷ್ಟು ಜನಕ್ಕೆ ಗೊತ್ತಿರೋದು ಇಷ್ಟೇ: ಸವಾಲಿನ ಕೋವೂರ್, ಬಾಬಾಗಳ ಬೆನ್ನು ಬಿದ್ದ ಕೋವೂರ್.

ನನಗೆ ಮಾತ್ರ ಕುತೂಹಲ ಇರೋದು ಅವರ ಮನೆಯ ಬಾಗಿಲಿಗೆ ಬರುತ್ತಿದ್ದವರ ಬಗ್ಗೆ. ಕೊಲಂಬೊದ ಪಾಮನ್‌ಕಡ ಗಲ್ಲಿಯಲ್ಲಿದ್ದ ಆ ಮನೆಗೆ ಹುಟ್ಟೂರಿನ ಹೆಸರೇ ಇಟ್ಟಿದ್ದರು, ತಿರುವಲ್ಲಾ ಅಂತ. ದೆವ್ವ ಮೆಟ್ಟಿದೆ ಅಂತ ಹೇಳಿಸಿಕೊಂಡವರು, ಮನೆ ಮೇಲೆ ಕಲ್ಲು ಬೀಳ್ತಾವೆ ಅನ್ನೋರು, ಬೀರುವಿನಲ್ಲಿಟ್ಟ ಬಟ್ಟೆಗೆ ತಾನಾಗೇ ಬೆಂಕಿ ಹತ್ತುತ್ತೆ ಅನ್ನೋರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಮಂತ್ರವಾದಿ ಆಗಿತ್ತು, ತಾಯಿತ ಆಗಿತ್ತು, ದಕ್ಷಿಣ ಲಂಕೆಯಲ್ಲಿ ರಾತ್ರಿಯಿಡೀ ಮುಖವಾಡ ಹಾಕಿ ಕುಣಿದು ಯಕ್ಷರನ್ನು ಓಡಿಸುವ ತೋವಿಲ್ ಆಗಿತ್ತು. ಎಲ್ಲ ಮುಗಿದ ಮೇಲೆ ಕೋವೂರ್.

ವಡ್ಡು, ಸಂಡೂರು, ಕಂಪ್ಲಿ ಕಡೆಯವರಿಗೆ ಈ ಪಟ್ಟಿ ಹೊಸದಲ್ಲ. ಗಾಳಿ ಸೋಕೈತಿ ಅಂತ ನಾವೂ ಕೇಳಿಯೇ ಬೆಳೆದವರು. ಇನ್ನೂ ಮೇಲೆ ಕಲಬುರಗಿ, ಬೀದರ್ ಕಡೆ ಹೋದರೆ ಇದಕ್ಕೆ ಬಾನಾಮತಿ ಅಂತಲೇ ಹೆಸರು. ಮನೆ ಮೇಲೆ ಕಲ್ಲು, ಉರಿಯೋ ಬಟ್ಟೆ, ನಾಯಿಯಂತೆ ಬೊಗಳೋ ಹೆಣ್ಣುಮಕ್ಕಳು. ಮಾಡಿಸಿದ್ದು ಯಾರು ಅಂತ ಹುಡುಕಿ, ಅನುಮಾನ ಬಂದವರನ್ನು ಹೊಡೆಯೋದೂ ಇದೇ ಕತೆಯ ಎರಡನೇ ಭಾಗ. ಹೊಡೆತ ಬೀಳೋದು ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೋವೂರ್ ಕೆಲಸ ಮಾಡುತ್ತಿದ್ದ ರೀತಿ ಹೀಗೆ. ಮೊದಲು ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸೋದು. ಕಲ್ಲು ಬಿದ್ದಾಗ ಯಾರು ಎಲ್ಲಿದ್ದರು, ಯಾರು ಮನೆಯಲ್ಲಿ ಇಲ್ಲದಾಗ ಬೀಳೋದೇ ಇಲ್ಲ, ಯಾರಿಗೆ ಈ ಮನೆಯಲ್ಲಿ ಉಸಿರು ಕಟ್ಟುತ್ತಿದೆ. ಕೊನೆಗೆ ಗೆರೆ ಹೋಗಿ ನಿಲ್ಲುತ್ತಿದ್ದದ್ದು ಬಹಳ ಸಲ ಮನೆಯ ಅತಿ ದುರ್ಬಲ ಜೀವದ ಹತ್ತಿರ: ಬೇಡದ ಮದುವೆಗೆ ತಳ್ಳಿಸಿಕೊಂಡ ಹುಡುಗಿ, ಮನೆಗೆಲಸದ ಮಗು, ಅತ್ತೆ ಮನೆಯಲ್ಲಿ ಬಾಯಿ ಕಟ್ಟಿಸಿಕೊಂಡ ಸೊಸೆ. ಕಲ್ಲು ಎಸೆದದ್ದು ಆಕೆಯೇ. ಕೆಲವೊಮ್ಮೆ ಬೇಕಂತಲೇ, ಕೆಲವೊಮ್ಮೆ ತಾನು ಎಸೆದದ್ದು ತನಗೇ ನೆನಪಿಲ್ಲದ ಹಾಗೆ. ಮಾತಿನಲ್ಲಿ ಹೇಳಲಾಗದ್ದನ್ನು ದೆವ್ವದ ಬಾಯಲ್ಲಿ ಹೇಳಿದರೆ ಮನೆ ಮಂದಿ ಕೇಳಿಸಿಕೊಳ್ತಾರೆ. ಆಮೇಲೆ ಆ ವ್ಯಕ್ತಿಯನ್ನು ಸಂಮೋಹನಕ್ಕೆ ಒಳಪಡಿಸಿ, ಒಳಗಿದ್ದದ್ದನ್ನು ಮಾತಾಡಿಸಿ, ಇನ್ನು ಹೆದರಬೇಕಿಲ್ಲ ಎಂಬ ಸೂಚನೆ ಕೊಡುತ್ತಿದ್ದರು. ಮನೆಯವರಿಗೂ ಬುದ್ಧಿ ಹೇಳುತ್ತಿದ್ದರು.

ಇಲ್ಲಿ ಕೋವೂರ್ ಮಾಡಿದ ದೊಡ್ಡ ಕೆಲಸವನ್ನು ಗುರುತಿಸಬೇಕು. ದೆವ್ವ ಇಲ್ಲ ಅಂತ ವೇದಿಕೆ ಮೇಲೆ ಹೇಳೋದು ಸುಲಭ. ದೆವ್ವ ಇಲ್ಲ ಅಂದಮೇಲೂ ಎದುರಿಗೆ ಕೂತು ನಡುಗುತ್ತಿರೋ ಹುಡುಗಿ ಇರ್ತಾಳಲ್ಲ, ಅವಳಿಗೇನು ಮಾಡೋದು? ನಾಟಕ ಆಡ್ತಿದಾಳೆ ಅಂತ ಬೈಯೋದು ಮಂತ್ರವಾದಿಯ ಬೆತ್ತದಷ್ಟೇ ಕ್ರೂರ. ವಿಚಾರವಾದಿಗಳಲ್ಲಿ ಈ ಎರಡನೇ ಪ್ರಶ್ನೆ ಕೇಳಿದವರು ಕಡಿಮೆ. ಕೋವೂರ್ ಕೇಳಿದರು.

ಆದರೆ ಜನ ಅವರನ್ನು ಕಂಡದ್ದು ಹೇಗೆ? ಎಲ್ಲರಿಗಿಂತ ದೊಡ್ಡ ಮಂತ್ರವಾದಿ ಅಂತ! ಬಿಳಿ ಕೂದಲು, ದೊಡ್ಡ ಹೆಸರು, ಕಣ್ಣು ಮುಚ್ಚು ಅಂದರೆ ಮುಚ್ಚಿಕೊಳ್ಳೋ ರೋಗಿ. ಹಳ್ಳಿಯವನ ಕಣ್ಣಿಗೆ ಇದಕ್ಕೂ ಅಂತ್ರ ಹಾಕೋದಕ್ಕೂ ಏನು ವ್ಯತ್ಯಾಸ? ಸತ್ಯ ಹೇಳಬೇಕಂದ್ರೆ, ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದೂ ಅಲ್ಲ. ಎರಡು ಕಡೆಯೂ ಸೂಚನೆಯೇ ಕೆಲಸ ಮಾಡೋದು, ಹೇಳುವವರ ಮೇಲಿನ ಭರವಸೆಯೇ ಅದರ ಬಂಡವಾಳ. ಒಂದು ಕಡೆ ಬೇನೆ ಹೊರಗಿನಿಂದ ಬಂತು, ಮಾಡಿಸಿದವರು ಇದ್ದಾರೆ ಅಂತ ಹೇಳ್ತಾರೆ. ಇನ್ನೊಂದು ಕಡೆ ನಿನ್ನ ಮನೆಯೊಳಗೆ, ಮನಸ್ಸಿನೊಳಗೆ ನೋಡು ಅಂತಾರೆ. ಮೊದಲನೆಯದರಲ್ಲಿ ಪಕ್ಕದ ಮನೆಯ ಮುದುಕಿಗೆ ಏಟು ಬೀಳುತ್ತೆ. ಎರಡನೆಯದರಲ್ಲಿ ಬೀಳಲ್ಲ. ನನ್ನ ಮಟ್ಟಿಗೆ ಇಷ್ಟು ವ್ಯತ್ಯಾಸ ಸಾಕು.

ಹಾಗಂತ ಕೋವೂರ್‌ಗೆ ಪೂರ್ತಿ ಮಾಫಿ ಇಲ್ಲ. ಅವರು ಡಾಕ್ಟರಲ್ಲ, ತರಬೇತಾದ ಮನಶ್ಶಾಸ್ತ್ರಜ್ಞರೂ ಅಲ್ಲ. ಹೆಸರಿನ ಹಿಂದಿನ ಡಾಕ್ಟರೇಟು ಅಮೆರಿಕದ ಮಿನೆಸೋಟಾದ ಒಂದು ತತ್ವಶಾಸ್ತ್ರ ಸಂಸ್ಥೆ ಅತೀಂದ್ರಿಯ ವಿಚಾರಗಳ ಮೇಲಿನ ಅವರ ಕೆಲಸಕ್ಕೆ ಕೊಟ್ಟದ್ದು. ಬಾಬಾಗಳನ್ನು ಪುರಾವೆ ಎಲ್ಲಿ, ನಿಯಂತ್ರಿತ ಪರೀಕ್ಷೆ ಎಲ್ಲಿ ಅಂತ ನಿಲ್ಲಿಸಿ ಕೇಳಿದ ಮನುಷ್ಯ, ತನ್ನ ಚಿಕಿತ್ಸೆಗೆ ಕೊಟ್ಟದ್ದು ಕತೆಗಳನ್ನು. ಒಂದು ಬೇನೆ, ಒಂದು ಪತ್ತೇದಾರಿ, ಒಂದು ಸಂಮೋಹನ, ಸುಖಾಂತ. ಐದು ವರ್ಷದ ಮೇಲೆ ಆ ಹುಡುಗಿ ಹೇಗಿದ್ದಳು? ಗುಣವಾಗದೆ ಹೋದವರೆಷ್ಟು? ಆ ಕತೆಗಳಲ್ಲಿ ಇದಕ್ಕೆ ಉತ್ತರ ಸಿಗಲ್ಲ. ಮಂಪರಿನಲ್ಲಿ ಹೇಳಿದ್ದೆಲ್ಲ ನಡೆದದ್ದೇ ಅಂತ ಅವರ ಕತೆಗಳು ಸುಲಭವಾಗಿ ನಂಬುತ್ತವೆ. ಇವತ್ತಿನ ಮನೋವಿಜ್ಞಾನ ಅದನ್ನು ಒಪ್ಪಲ್ಲ. ಸಂಮೋಹನದಲ್ಲಿ ನೆನಪು ಹುಟ್ಟಿಕೊಳ್ಳಲೂಬಹುದು, ಕೇಳುವವರ ಪ್ರಶ್ನೆಯೇ ನೆನಪಾಗಿ ಕೂರಲೂಬಹುದು.

ಆ ಕತೆಗಳಲ್ಲಿ ಒಂದು ಸಿನಿಮಾನೂ ಆಯ್ತು. 1972ರಲ್ಲಿ ಕೆ.ಎಸ್. ಸೇತುಮಾಧವನ್ ಮಲಯಾಳದಲ್ಲಿ ಪ್ರೇಂ ನಜೀರ್ ಅವರನ್ನು ಹಾಕಿಕೊಂಡು ಪುನರ್ಜನ್ಮಂ ತೆಗೆದರು. ಹೆಂಡತಿಯ ಹತ್ತಿರ ಹೋಗಲಾರದ ಗಂಡನೊಬ್ಬನ ಮನೋರೋಗದ ಕತೆ. ಮರುವರ್ಷ ತಮಿಳಿಗೂ ಹೋಯಿತು. ಪುನರ್ಜನ್ಮ ಶುದ್ಧ ಸುಳ್ಳು ಅಂತ ಜೀವನಪೂರ್ತಿ ವಾದಿಸಿದವರ ಕೇಸಿಗೆ ಆ ಹೆಸರು! ಇದಕ್ಕಿಂತ ದೊಡ್ಡ ವ್ಯಂಗ್ಯ ಈಗಿನದು. ಕೋವೂರ್ ಹಿಡಿದ ಅದೇ ಸಂಮೋಹನವನ್ನು ಇವತ್ತು ನಗರಗಳಲ್ಲಿ ಹಿಂದಿನ ಜನ್ಮ ತೋರಿಸ್ತೀವಿ ಅಂತ ಗಂಟೆ ಲೆಕ್ಕದಲ್ಲಿ ಮಾರ್ತಾರೆ. 2003ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಿಪ್ನೋಥೆರಪಿಯನ್ನು ಒಂದು ಚಿಕಿತ್ಸಾ ವಿಧಾನ ಅಂತ ಒಪ್ಪಿ ರಾಜ್ಯಗಳಿಗೆ ಬರೆಯಿತು. ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಇರುವವರು ಮಾಡಬಹುದು ಅಂತ. ಸರಿಯಾದ ತರಬೇತಿ ಅಂದರೆ ಯಾವುದು? ಆ ಸಂದಿಯಲ್ಲಿ ವಾರಾಂತ್ಯದ ಸರ್ಟಿಫಿಕೇಟುಗಳ ಅಂಗಡಿಯೇ ತೆರೆದಿದೆ. ನೋವು, ಆತಂಕ, ಔಷಧಿಗೆ ಬಗ್ಗದ ಕರುಳಿನ ಸಿಡಿಮಿಡಿಯಂಥ ತೊಂದರೆಗಳಲ್ಲಿ ಸಂಮೋಹನದಿಂದ ಉಪಯೋಗ ಇದೆ ಅನ್ನೋದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಹಿಂದಿನ ಜನ್ಮಕ್ಕೆ ಇಲ್ಲ.

ಮಂಪರಿನಲ್ಲಿದ್ದವನು ಸತ್ಯವನ್ನೇ ಹೇಳ್ತಾನೆ ಅನ್ನೋ ಈ ನಂಬಿಕೆ ನಮ್ಮ ಪೊಲೀಸರನ್ನೂ ಬಿಟ್ಟಿಲ್ಲ. ಛಾಪಾ ಕಾಗದ ಹಗರಣದ ತೆಲಗಿಗೆ ಬೆಂಗಳೂರಿನಲ್ಲಿ ಮಂಪರು ಔಷಧಿ ಕೊಟ್ಟು ಮಾತಾಡಿಸಿದ್ದನ್ನು ಟೀವಿಯಲ್ಲಿ ನೋಡಿದವರು ಈಗಲೂ ಇದ್ದಾರೆ. ಅದು ಸಂಮೋಹನ ಅಲ್ಲ, ಔಷಧಿ. ಹಿಂದಿನ ಕಲ್ಪನೆ ಮಾತ್ರ ಅದೇ. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಯಾರ ಮೇಲೂ ಇಂಥ ಪರೀಕ್ಷೆ ಮಾಡಕೂಡದು ಅಂತ ಹೇಳಿತು. ಹೂಗ್ಲಿಯ ಕೈದಿಯಿಂದ ಇಲ್ಲಿಗೆ ಬರೋದಕ್ಕೆ 165 ವರ್ಷ ಬೇಕಾಯ್ತು.

1976 ಕೋವೂರ್ ಬದುಕಿನಲ್ಲೂ ಕರ್ನಾಟಕದಲ್ಲೂ ಮುಖ್ಯವಾದ ವರ್ಷ. ಅವರ ಬರಹಗಳ ಇಂಗ್ಲಿಷ್ ಸಂಗ್ರಹ ಬಿಗಾನ್ ಗಾಡ್‌ಮೆನ್ ಮುಂಬೈಯಿಂದ ಹೊರಬಂತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ಮಾಡಿದರು. ಖಾದಿ ಜುಬ್ಬದ ಆ ಬ್ರಹ್ಮಚಾರಿ ಮೇಷ್ಟ್ರಿಗೂ, ಚರ್ಚಿನ ಅಂಗಳದಿಂದ ಎದ್ದು ಬಂದ ಈ ಮೇಷ್ಟ್ರಿಗೂ ಎಲ್ಲಿಂದೆಲ್ಲಿಗೆ? ಆದರೂ ಇಬ್ಬರೂ ಕೇಳಿದ್ದು ಒಂದೇ, ತೋರಿಸಿ ನೋಡೋಣ ಅಂತ. ಇಬ್ಬರಿಗೂ ವೈಟ್‌ಫೀಲ್ಡಿನಿಂದ ಉತ್ತರ ಬರಲಿಲ್ಲ.

ಮುಂದಿನ ಹೆಜ್ಜೆ ನಮ್ಮೂರ ಹತ್ತಿರಕ್ಕೇ ಬಂತು ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೋವೂರ್ ತೀರಿಕೊಂಡು 7 ವರ್ಷ ಆದಮೇಲೆ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು ಒಂದು ಪ್ರಯೋಗ ಶುರು ಮಾಡಿತು. ಸಂಡೂರು, ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲ ಆಗ ಆ ಜಿಲ್ಲೆಯೊಳಗೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದು, ಮಾತ್ರೆ ಕೊಡೋದು, ದೊಡ್ಡಾಸ್ಪತ್ರೆಗೆ ಕಳಿಸೋದು ಕಲಿಸಿದರು. ದೇಶದ ಪುಸ್ತಕಗಳಲ್ಲಿ ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಅದರಿಂದ. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮೈಮೇಲೆ ಬರೋದು, ಬಾನಾಮತಿಗಳ ಬಗ್ಗೆ ಅಧ್ಯಯನ ಮಾಡಿ, ಸರಳ ಕನ್ನಡದಲ್ಲಿ ಪುಸ್ತಕ ಬರೆದು ಹಂಚಿದರು.

ಕೋವೂರ್ ಒಬ್ಬರೇ ತಮ್ಮ ಹಜಾರದಲ್ಲಿ ಮಾಡಿದ ಕೆಲಸಕ್ಕೂ ಇದಕ್ಕೂ ಇರೋ ಅಂತರ ನೋಡಿ. ಅಲ್ಲಿ ಒಬ್ಬ ಅಸಾಮಾನ್ಯ ಮನುಷ್ಯ ಬೇಕು, ಅವರ ಪ್ರಭಾವ ಬೇಕು, ಕೊಲಂಬೊವರೆಗೆ ಹೋಗೋ ಬಸ್ ಚಾರ್ಜು ಬೇಕು. ಇಲ್ಲಿ ಬೇಕಾದದ್ದು ಬುಧವಾರ ಬೆಳಿಗ್ಗೆ ಬಾಗಿಲು ತೆರೆದಿರೋ ಒಂದು ಸರ್ಕಾರಿ ಕೋಣೆ, ತರಬೇತಿ ಆದ ಒಬ್ಬ ಡಾಕ್ಟರು, ಖಾಲಿಯಾಗದ ಔಷಧಿ ಬೀರು. ಮಂತ್ರವಾದಿಗೆ ಎದುರಾಳಿಯಾಗಿ ಇನ್ನೊಬ್ಬ ಮಹಾಪುರುಷ ಬೇಕಿಲ್ಲ, ಪಿಎಚ್‌ಸಿ ಸಾಕು ಅನ್ನೋದು ರಾಜಕೀಯ ಬೇಡಿಕೆ. ಆ ಬೇಡಿಕೆ ಎಷ್ಟು ಪ್ರಣಾಳಿಕೆಯಲ್ಲಿ ಕಂಡಿದೆ? 2017ರಲ್ಲಿ ರಾಜ್ಯ ವಾಮಾಚಾರ ತಡೆ ಕಾಯ್ದೆ ಮಾಡಿತು, 2020ರಲ್ಲಿ ಜಾರಿಗೂ ತಂತು. ಬಾನಾಮತಿ ಹೆಸರಲ್ಲಿ ಹಿಂಸೆ ಕೊಡೋದು, ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು ಈಗ ಅಪರಾಧ. ಒಳ್ಳೆಯದೇ. ಹೊಡೆದವನನ್ನು ಹಿಡಿದುಕೊಂಡು ಹೋದಮೇಲೆ ಆ ಹುಡುಗಿಯನ್ನು ಎಲ್ಲಿಗೆ ಕರಕೊಂಡು ಹೋಗಬೇಕು ಅನ್ನೋದಕ್ಕೆ ಕಾಯ್ದೆಯಲ್ಲಿ ಉತ್ತರ ಹುಡುಕಿದರೆ ಸಿಗೋದು ಕಷ್ಟ.

ಕೋವೂರ್ ಅವರ ಕೊನೆಯ ವರ್ಷಗಳು ಒಂಟಿತನದವು. 1974ರಲ್ಲಿ ಹೆಂಡತಿ ತೀರಿಕೊಂಡರು. ಮಗ ಏರೀಸ್ ದೂರದ ಪ್ಯಾರಿಸ್ಸಿನಲ್ಲಿ ವಿಜ್ಞಾನಿ. ಆ ವಯಸ್ಸಿನಲ್ಲೂ ಭಾರತದ ಊರೂರು ಸುತ್ತಿ ಭಾಷಣ ಮಾಡಿದರು, ಕೈಯಿಂದ ವಿಭೂತಿ ಉದುರಿಸೋ ಚಮತ್ಕಾರ ಹೇಗೆ ಅಂತ ತೋರಿಸಿದರು. ಅವರ ನಂತರ ಕೇರಳದ ಬಿ. ಪ್ರೇಮಾನಂದ್ ಆ ಜೋಳಿಗೆ ಹೆಗಲಿಗೇರಿಸಿಕೊಂಡರು. ದೂರದ ಪಂಜಾಬಿನ ಬರ್ನಾಲಾದಲ್ಲಿ ಕೋವೂರ್ ಪುಸ್ತಕದ ಅನುವಾದ ಓದಿದ ಮೇಷ್ಟ್ರುಗಳು 1984ರಲ್ಲಿ ತರ್ಕಶೀಲ ಸೊಸೈಟಿ ಕಟ್ಟಿದರು. ಅವರಲ್ಲೂ ಪವಾಡ ಬಯಲು ಮಾಡೋದರ ಜೊತೆಗೇ ದೆವ್ವ ಹಿಡಿದವರ ಮನೆಗೆ ಹೋಗಿ ಮಾತಾಡಿಸೋ ರೂಢಿ ಉಳಿದುಬಂತು.

1978ರ ಸೆಪ್ಟೆಂಬರ್ 18ರಂದು ಕ್ಯಾನ್ಸರಿನಿಂದ ಕೋವೂರ್ ಸತ್ತರು. ಉಯಿಲಿನಲ್ಲಿ ಕಣ್ಣು ನೇತ್ರ ಬ್ಯಾಂಕಿಗೆ, ದೇಹ ವೈದ್ಯಕೀಯ ಕಾಲೇಜಿಗೆ ಅಂತ ಬರೆದಿಟ್ಟಿದ್ದರು. ಕೊಯ್ದು ಕಲಿತು ಮುಗಿದ ಮೇಲೆ ಉಳಿದ ಅಸ್ಥಿಪಂಜರವನ್ನು ತಾವು ಕೊನೆಗೆ ಪಾಠ ಮಾಡಿದ ಥರ್ಸ್ಟನ್ ಕಾಲೇಜಿನ ವಿಜ್ಞಾನ ಪ್ರಯೋಗಶಾಲೆಗೆ ಕೊಡಬೇಕು ಅಂತಲೂ ಬರೆದಿದ್ದರು.